ಓದುಗರ ಪ್ರಶ್ನೆ: ಮೋಟರ್‌ಹೋಮ್ ಎಷ್ಟು ಉದ್ದವಿರಬೇಕು?

ಪ್ರಶ್ನೆ: ನಾವು ಗಂಡ-ಹೆಂಡತಿ ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಬೇಸಿಗೆಯಲ್ಲಿ ಮೈಸೂರಿನಿಂದ ಬರುವ ಅಪ್ಪ-ಅಮ್ಮನೊಂದಿಗೆ ಬಾಡಿಗೆ ಮೋಟರ್‌ಹೋಮ್‌ನಲ್ಲಿ (ಒಳಗೇ ಮಲಗಿ ತಂಗಬಹುದಾದ ಮನೆಯಂಥ ವಾಹನ) ಯೊಸೆಮಿಟಿ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ನೋಡುವ ಯೋಚನೆಯಿದೆ. 25 ಅಡಿಯ ಬದಲು 32 ಅಡಿಯದನ್ನು ತೆಗೆದುಕೊಂಡರೆ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜಾಗ ಸಿಗುವುದು ಕಷ್ಟವಾಗುತ್ತದೆಯೇ?

ಉತ್ತರ: ಖಂಡಿತ ಕಷ್ಟವಾಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿರುವ ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ 30 ಅಡಿಗಿಂತ ಉದ್ದದ ವಾಹನಕ್ಕೆ ಅವಕಾಶವೇ ಇಲ್ಲದ ಕಾರಣ, 32 ಅಡಿಯದನ್ನು ಆರಿಸಿದ ದಿನವೇ ಆ ಬಾಗಿಲು ಮುಚ್ಚಿದಂತೆ. ಅಲ್ಲಿಯ ಟ್ರೇಲರ್ ವಿಲೇಜ್‌ನಲ್ಲಿ 50 ಅಡಿಯವರೆಗಿನ ವಾಹನಗಳು ನಿಲ್ಲುತ್ತವೆ, ನೀರು-ವಿದ್ಯುತ್ ಸಂಪರ್ಕವೂ ಇದೆ. ಆದರೆ ಉದ್ದದ ವಾಹನದವರೆಲ್ಲ ಅದನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್‌ನಲ್ಲಿ ಗರಿಷ್ಠ ಮಿತಿ 35 ಅಡಿ, ಲೋಯರ್ ಪೈನ್ಸ್‌ನಲ್ಲಿ 40 ಅಡಿ. ಇದನ್ನು ಓದಿ ನೆಮ್ಮದಿಪಡಬೇಡಿ. ಅದು ಇಡೀ ಕ್ಯಾಂಪ್‌ಗ್ರೌಂಡ್‌ನಲ್ಲಿ ಅತಿ ಉದ್ದದ ಸೈಟಿಗೆ (ಒಂದು ವಾಹನ ನಿಲ್ಲಿಸಿ ತಂಗುವ ಜಾಗ) ಅನ್ವಯಿಸುವ ಅಳತೆಯೇ ಹೊರತು ಪ್ರತಿಯೊಂದು ಸೈಟಿನದಲ್ಲ. ಬೇಸಿಗೆಯ ಸೈಟುಗಳು ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ತುಂಬಿಹೋಗುವ ಆ ಕಣಿವೆಯಲ್ಲಿ, ನಿಮ್ಮ ವಾಹನ ಹಿಡಿಸುವ ಸೈಟುಗಳು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು.

ಇದಕ್ಕೆ ಕಾರಣ ಹಳೆಯದು. ಅಮೆರಿಕದ ಸರ್ಕಾರಿ ಉದ್ಯಾನಗಳ ಅನೇಕ ಕ್ಯಾಂಪ್‌ಗ್ರೌಂಡ್‌ಗಳು 1930ರ ದಶಕದಲ್ಲಿ ರೂಪುಗೊಂಡವು. ವಾಹನಗಳ ಓಡಾಟದಿಂದ ನೆಲ ಗಟ್ಟಿಯಾಗಿ ಮರಗಳ ಬೇರು ಹಾಳಾಗುವುದನ್ನು ಕಂಡ ಸಸ್ಯರೋಗ ತಜ್ಞ ಎಮಿಲಿಯೊ ಮೈನೆಕೆ ಅವರು, ಏಕಮುಖ ಸುತ್ತುದಾರಿ, ಅದರಿಂದ ಕವಲೊಡೆದ ಗಿಡ್ಡ ನಿಲುಗಡೆ, ಅದರಾಚೆ ವಾಹನ ನುಗ್ಗದಂತೆ ಬಂಡೆ ಅಥವಾ ದಿಮ್ಮಿ ಎಂಬ ವಿನ್ಯಾಸವನ್ನು ರೂಪಿಸಿದರು. ಅಂದಿನ ಕಾರಿಗೆ ಹೊಂದಿಸಿದ ಆ ನಿಲುಗಡೆಗಳನ್ನು ಹಿಗ್ಗಿಸಬೇಕಾದರೆ ಮರ ಕಡಿಯಬೇಕಾಗುತ್ತದೆ. ಮರಗಳು ಉಳಿದಿರುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಬುಕಿಂಗ್ ಮಾಡುವಾಗ ಮಾದರಿಯ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬದೆ, ಮುಂದಿನ ಬಂಪರ್‌ನಿಂದ ಹಿಂದಿನ ಏಣಿ ಅಥವಾ ಸೈಕಲ್ ಸ್ಟ್ಯಾಂಡಿನ ತುದಿಯವರೆಗಿನ ಅಳತೆಯನ್ನು ಬಾಡಿಗೆಯವರಿಂದ ಕೇಳಿ ಪಡೆಯಿರಿ. ಪ್ರತಿ ಸೈಟಿನ ವಿವರದಲ್ಲಿಯೂ ನಿಲುಗಡೆಯ ಉದ್ದವನ್ನು ಕೊಟ್ಟಿರುತ್ತಾರೆ, ಎರಡನ್ನೂ ಹೋಲಿಸಿ. ರಿವರ್ಸ್‌ನಲ್ಲಿ ನಿಲ್ಲಿಸುವಾಗ ಹಿಂದಿನ ಚಕ್ರ ದಿಮ್ಮಿಗೆ ತಾಗಿ ನಿಂತರೂ ಅದರ ಹಿಂದಿನ ಭಾಗ ಹಲವು ಅಡಿ ಆಚೆ ಚಾಚಿಕೊಂಡಿರುತ್ತದೆ, ಅಲ್ಲೊಂದು ಮರವಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ. ಆದ್ದರಿಂದ ಒಬ್ಬರು ಇಳಿದು ಹಿಂದೆ ನಿಂತು ದಾರಿ ತೋರಿಸಬೇಕು.

ನಾಲ್ವರಿಗೆ 25 ಅಡಿ ಸಾಕು. ಚಾಲಕನ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕಾದ್ದರಿಂದ ಹಿಂಬದಿಯ ಹಾಸಿಗೆಯನ್ನು ಹಿರಿಯರಿಗೆ ಬಿಟ್ಟುಕೊಡಿ.

ಪ್ರಶ್ನೆ: ನಮ್ಮದು 24 ಅಡಿಯ ಮೋಟರ್‌ಹೋಮ್. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ತೊಂದರೆಯಾಗಲಾರದಲ್ಲವೇ?

ಉತ್ತರ: ತಂಗಲು ಸೈಟು ಸಿಕ್ಕೀತು, ಆದರೆ ರಸ್ತೆಯೇ ತಡೆಯುತ್ತದೆ. ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ಆವಲಾಂಚ್ ಕ್ಯಾಂಪ್‌ಗ್ರೌಂಡ್ ದಾಟಿ ಲೋಗನ್ ಪಾಸ್‌ಗೆ ಏರುವ ಭಾಗದಲ್ಲಿ, ಬಂಪರ್ ಸೇರಿ 21 ಅಡಿಗಿಂತ ಉದ್ದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲವಿರುವ ವಾಹನಗಳಿಗೆ ಪ್ರವೇಶವಿಲ್ಲ. ಮೋಟರ್‌ಹೋಮ್ ಅನ್ನು ಸೈಟಿನಲ್ಲಿಯೇ ಬಿಟ್ಟು, 1930ರ ದಶಕದಿಂದ ಓಡುತ್ತಿರುವ ಅಲ್ಲಿಯ ಕೆಂಪು ಬಸ್ಸುಗಳ ಪ್ರವಾಸಕ್ಕೆ ಮೊದಲೇ ಟಿಕೆಟ್ ಕಾಯ್ದಿರಿಸಿ.