‘ಖ’ ಪ್ರತಿ

ಪ್ರಶ್ನೆ: ಸರ್, ನಾನು ಈ ವರ್ಷ ಎಂ.ಎ. ಕನ್ನಡಕ್ಕೆ ಸೇರಿದೀನಿ. ನೀವು ಮಾನಸಗಂಗೋತ್ರಿಯಲ್ಲಿ ಓದಿದ್ದು ಅಂತ ಹಿಂದೊಂದ್ಸಲ ಬರೆದಿದ್ರಿ. ಆ ಎರಡು ವರ್ಷದಲ್ಲಿ ಇವತ್ತಿಗೂ ಮರೆಯೋಕಾಗದ್ದು ಯಾವುದು? ಕುಕ್ಕರಹಳ್ಳಿ ಕೆರೆ ಏರಿ ಮೇಲಿನ ಕಥೆ ಬೇಡ, ಬೇರೆ ಹೇಳಿ!
— ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಕೆರೆ ಏರಿ ಬೇಡ ಅಂದ್ಬಿಟ್ರಲ್ಲ, ಅರ್ಧ ಸರಕು ಅಲ್ಲೇ ಖಾಲಿ ಆಯ್ತು. ಸರಿ, ಮಾನ ಹೋದ ಕಥೆನೇ ಹೇಳ್ತೀನಿ.

ನಮಗೆ ಗ್ರಂಥಸಂಪಾದನೆ ಅಂತ ಒಂದು ಪೇಪರ್ ಇತ್ತು, ಅಂದ್ರೆ ಹಳೇ ಕೈಬರಹದ ಪ್ರತಿಗಳನ್ನ ಹೋಲಿಸಿ ಮೂಲದಲ್ಲಿ ಏನಿತ್ತು ಅಂತ ಪತ್ತೆ ಮಾಡೋದು. ಮೇಷ್ಟ್ರು ಒಂದು ಓಲೆಗರಿಯ ಜೆರಾಕ್ಸ್ ಕೊಟ್ಟು, ಈಗಿನ ಅಕ್ಷರದಲ್ಲಿ ಬರ್ಕೊಂಡು ಬನ್ನಿ, ಸೋಮವಾರ ಬೇಕು ಅಂದ್ರು. ಒಂದೇ ಗರಿ, ಎಂಟು ಸಾಲು, ಇಷ್ಟೇನಾ ಅನ್ಕೊಂಡೆ. ಹಾಸ್ಟೆಲ್‌ಗೆ ಹೋಗಿ ನೋಡಿದ್ರೆ ಪದಕ್ಕೂ ಪದಕ್ಕೂ ನಡುವೆ ಜಾಗನೇ ಇಲ್ಲ, ಇರುವೆ ಸಾಲು ಥರ ಈ ತುದಿಯಿಂದ ಆ ತುದಿಗೆ ಹೋಗಿದೆ, ‘ಎ’ಗೂ ‘ಏ’ಗೂ ಆಗೆಲ್ಲ ಬರವಣಿಗೆಯಲ್ಲಿ ವ್ಯತ್ಯಾಸ ತೋರಿಸ್ತಿರಲಿಲ್ಲ, ಇನ್ನು ‘ಮ’ ಮತ್ತು ‘ವ’ ಅಂತೂ ಅವಳಿಜವಳಿ. ಮಧ್ಯೆ ಒಂದು ಕಡೆ ಖಾಲಿ ಜಾಗ ಇತ್ತು, ಅಲ್ಲೇನೋ ಅಕ್ಷರ ಅಳಿಸಿಹೋಗಿದೆ ಅಂತ ಅರ್ಧ ಗಂಟೆ ತಲೆ ಕೆಡಿಸ್ಕೊಂಡೆ, ಆಮೇಲೆ ಗೊತ್ತಾಯ್ತು ಅದು ದಾರ ಪೋಣಿಸೋ ತೂತು!

ಭಾನುವಾರ ರಾತ್ರಿ ತನಕ ಎರಡು ಸಾಲು ದಾಟ್ಲಿಲ್ಲ. ಕ್ಲಾಸಿನ ಒಬ್ಬ ಹುಡುಗಿ ಪೂರ್ತಿ ಮುಗಿಸಿದ್ಲು, ಬೆಳಿಗ್ಗೆ ಬೇಗ ಹೋಗಿ ಅವಳ ಹಾಳೆ ಇಸ್ಕೊಂಡು ಗಡಿಬಿಡಿಯಲ್ಲಿ ಇಳಿಸ್ದೆ. ನನ್ನದು ನೋಡಿ ಇನ್ನಿಬ್ರು ಇಳಿಸ್ಕೊಂಡ್ರು. ಯಾರಿಗೆ ಗೊತ್ತಾಗುತ್ತೆ, ಎಲ್ಲರೂ ಬರೀಬೇಕಾದ್ದು ಒಂದೇ ತಾನೆ?

ಮೇಷ್ಟ್ರು ಹಾಳೆಗಳನ್ನ ಎರಡು ದಿನ ಇಟ್ಕೊಂಡಿದ್ದು ಬುಧವಾರ ಬಂದ್ರು. ಏನೂ ಮಾತಾಡ್ದೆ ಬೋರ್ಡಿನ ಮೇಲೆ ‘ಮೂಲ’ ಅಂತ ಬರೆದು, ಕೆಳಗೆ ಒಂದು ಗೆರೆ ಎಳೆದು ‘ಕ’, ಅದರ ಕೆಳಗೆ ‘ಖ’, ಅಲ್ಲಿಂದ ಕವಲೊಡೆದು ‘ಗ’, ‘ಘ’. ಸಂಪಾದನೆಯಲ್ಲಿ ಪ್ರತಿಗಳಿಗೆ ಹೀಗೇ ಹೆಸರಿಡೋದು, ಅದು ಪ್ರತಿಗಳ ವಂಶವೃಕ್ಷ. ‘ಕ’ ಪ್ರತಿಯಲ್ಲಿ ‘ಮನದೊಳ್’ ಅನ್ನೋದು ‘ವನದೊಳ್’ ಆಗಿದೆ, ಉಳಿದ ಮೂರರಲ್ಲೂ ಅದೇ ತಪ್ಪು ಇದೆ ಅಂದ್ರೆ ಮೂರೂ ‘ಕ’ದ ಸಂತಾನ ಅಂದ್ರು. ಆಮೇಲೆ, ಗರಿಯಲ್ಲಿ ‘ಅರಸಂ’ ಅಂತ ಎರಡು ಕಡೆ ಬರುತ್ತೆ, ‘ಖ’ ಬರೆದೋನ ಕಣ್ಣು ಮೊದಲನೇ ಅರಸನಿಂದ ಸೀದಾ ಎರಡನೇ ಅರಸನಿಗೆ ಹಾರಿದೆ, ಮಧ್ಯದ ಒಂದು ಸಾಲು ಮಾಯ, ‘ಗ’, ‘ಘ’ದಲ್ಲೂ ಮಾಯ. ಹಂಗಾಗಿ ಅವೆರಡು ‘ಖ’ದ ಮಕ್ಕಳು. ಹೆಸರು ಮಾತ್ರ ಹೇಳ್ಲಿಲ್ಲ. ಹೇಳೋದೇನು, ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು.

ನಂದೇ ತಪ್ಪು ಅಂತ ಎದ್ದು ನಿಂತೆ. ಮೇಷ್ಟ್ರು ಬೈಲಿಲ್ಲ, ಒಂದು ಶ್ಲೋಕ ಹೇಳಿದ್ರು. ‘ಭಗ್ನಪೃಷ್ಠಕಟಿಗ್ರೀವಃ’ ಅಂತ ಶುರುವಾಗುತ್ತೆ, ಪ್ರತಿ ಮಾಡೋರು ಗ್ರಂಥದ ಕೊನೆಯಲ್ಲಿ ಬರೀತಿದ್ದದ್ದು: ಬೆನ್ನು, ಸೊಂಟ, ಕತ್ತು ಮುರ್ಕೊಂಡು, ದೃಷ್ಟಿ ಕೀಲಿಸಿ, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದು, ಜೋಪಾನ ಮಾಡಿ ಅಂತ. ಹೇಳಿ ಮುಗಿಸಿ ನನ್ನನ್ನ ಮೇಲಿಂದ ಕೆಳಗೆ ನೋಡಿ, ‘ನಿನ್ನ ಬೆನ್ನಿಗೆ ಏನೂ ಆದಂಗೆ ಕಾಣಲ್ಲಪ್ಪ’ ಅಂದ್ರು.

ಮುಂದಿನ ವಾರ ನಮ್ಮನ್ನೆಲ್ಲ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ಕರ್ಕೊಂಡು ಹೋದ್ರು. 1891ರಲ್ಲಿ ಶುರುವಾದ ಸಂಸ್ಥೆ, ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಸಿಕ್ಕಿದ್ದು ಅಲ್ಲೇ, 1909ರಲ್ಲಿ ಅಚ್ಚಾಯ್ತು. ಅಲ್ಲಿ ನಿಜವಾದ ಗರಿ ನೋಡಿದೆ. ಕಂಟ ಅನ್ನೋ ಚೂಪು ಕಬ್ಬಿಣದ ಕಡ್ಡಿಯಲ್ಲಿ ಕೊರೆದು ಮಸಿ ಸವರಿರೋ ಅಕ್ಷರ, ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಮೇಲೆ ಮಜ್ಜಿಗೆಹುಲ್ಲಿನ ಎಣ್ಣೆಯ ಘಾಟು. ಆ ಎಂಟು ಸಾಲನ್ನ ವಾಪಸ್ ಬಂದು ಮೂಲ ನೋಡ್ಕೊಂಡೇ ಬರೆದೆ, ನಾಲ್ಕು ರಾತ್ರಿ ಹಿಡೀತು. ಕತ್ತು ನಿಜವಾಗ್ಲೂ ಹಿಡ್ಕೊಂಡಿತ್ತು ಕಣ್ರೀ!

‘ಘ’ ಈಗ ಎಲ್ಲಿದಾನೋ. ‘ಗ’ ಮಾತ್ರ ಪ್ರತಿ ಯುಗಾದಿಗೂ ಫೋನ್ ಮಾಡ್ತಾನೆ, ಎತ್ತಿದ ತಕ್ಷಣ ‘ಏನಪ್ಪಾ’ ಅಂದ್ರೆ ನಿಜವಾಗ್ಲೂ ಅಪ್ಪ ಅಂತಲೇ ಅರ್ಥ.