ಇಬ್ಬರ ಊಟ ಒಬ್ಬಳೇ ಮಾಡಬೇಕಾ?

ಈ ಸಲ ಬಸುರಿಯರ ಊಟ, ತೂಕದ ಪ್ರಶ್ನೆಗಳೇ ಜಾಸ್ತಿ. ಓದಿದಾಗ ಅನಿಸಿದ್ದು ಇಷ್ಟು: ಏನು ತಿನ್ನಬೇಕು ಅನ್ನೋದಕ್ಕಿಂತ, ತಟ್ಟೆ ನೋಡಿ ಸುತ್ತಲಿನವರು ಆಡುವ ಮಾತಿಗೆ ಏನು ಮಾಡಬೇಕು ಅನ್ನೋದೇ ಹೆಚ್ಚಿನವರ ಚಿಂತೆ. ಹೆಸರು ಬಿಟ್ಟು ಕೆಲವಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೀಗ 22 ವಾರ. ಎತ್ತರ 155 ಸೆಂ.ಮೀ. ಮೊದಲು 54 ಕೆಜಿ ಇದ್ದೆ, ಈಗ 59. ಅತ್ತೆ ‘ಇಬ್ಬರ ಊಟ ಮಾಡು’ ಅಂತ ಬೇಡವೆಂದರೂ ಅನ್ನ ಬಡಿಸುತ್ತಾರೆ. ಆಫೀಸಿನಲ್ಲಿ ‘ಆಗಲೇ ಇಷ್ಟು ದಪ್ಪ ಆದ್ಯಾ’ ಅಂತಾರೆ. ಯಾರ ಮಾತು ಕೇಳಲಿ? (ದಾವಣಗೆರೆ)

ಇಬ್ಬರದೂ ಬೇಡ. ನಿಮ್ಮ ತೂಕ ಸರಿಯಾಗೇ ಏರುತ್ತಿದೆ. ಬಸುರಿಯಾಗುವ ಮೊದಲಿನ ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಹೋಲಿಸುವ ಅಳತೆ) ಸುಮಾರು 22.5, ಅಂದರೆ ಎತ್ತರಕ್ಕೆ ತಕ್ಕ ತೂಕ. ಇಂಥವರು ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ ಎರಡು ಕೆಜಿ, ಆಮೇಲೆ ವಾರಕ್ಕೆ ಹೆಚ್ಚುಕಮ್ಮಿ 400 ಗ್ರಾಂ ಏರುತ್ತಾರೆ. 22 ವಾರಕ್ಕೆ ಐದು ಕೆಜಿ ಅಂದರೆ ಲೆಕ್ಕ ಸರಿಹೋಯಿತಲ್ಲ.

ಏರಿದ್ದೆಲ್ಲ ಕೊಬ್ಬೂ ಅಲ್ಲ. ಹೆರಿಗೆ ಹೊತ್ತಿಗೆ ಮಗುವೇ ಸುಮಾರು ಮೂರು ಕೆಜಿ. ಮಾಸು ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು, ಮಗುವಿನ ಸುತ್ತಲಿನ ನೀರು ಮುಕ್ಕಾಲರಿಂದ ಒಂದು ಕೆಜಿ, ಬೆಳೆದ ಗರ್ಭಕೋಶ ಒಂದು ಕೆಜಿ, ಹೆಚ್ಚಾದ ರಕ್ತ ಒಂದೂವರೆ ಕೆಜಿ. ಎದೆಯ ಗಾತ್ರವೂ ಏರುತ್ತದೆ. ಮಿಕ್ಕಿದ್ದು ಹಾಲೂಡಿಸುವ ದಿನಗಳಿಗೆ ದೇಹ ಕೂಡಿಟ್ಟುಕೊಳ್ಳುವ ಕೊಬ್ಬು. ಅದೂ ಬೇಕು. ಆಫೀಸಿನವರಿಗೆ ಇದನ್ನೆಲ್ಲ ವಿವರಿಸುವ ಅಗತ್ಯವೇನೂ ಇಲ್ಲ, ಸುಮ್ನೆ ಬಿಡಿ.

ಇನ್ನು ಅತ್ತೆಯವರ ಲೆಕ್ಕ. ಮೊದಲ ಮೂರು ತಿಂಗಳು ಹೆಚ್ಚುವರಿ ಊಟ ಬೇಕಾಗುವುದೇ ಇಲ್ಲ. ನಾಲ್ಕನೇ ತಿಂಗಳಿಂದ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಸಣ್ಣ ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ, ಅಷ್ಟಕ್ಕೇ ಅದು ಮುಗಿಯುತ್ತದೆ! ಇನ್ನೊಬ್ಬರ ಊಟವಂತೂ ಅಲ್ಲ. ಹಾಗಂತ ಅತ್ತೆಯವರ ಜೊತೆ ಜಗಳ ಬೇಡ, ಅವರಿಗೆ ಬಡಿಸುವುದೇ ಪ್ರೀತಿ. ಎರಡನೇ ಸಲ ಅನ್ನದ ಪಾತ್ರೆ ಹಿಡಿದು ಬಂದಾಗ ‘ಅನ್ನ ಸಾಕು, ಬಸ್ಸಾರಿನ ಕಾಳು ಇನ್ನೊಂದು ಸೌಟು ಹಾಕಿ, ಸೊಪ್ಪಿನ ಪಲ್ಯ ಹಾಕಿ’ ಅನ್ನಿ, ಅವರಿಗೂ ಸಮಾಧಾನ. ನಮ್ಮ ಊಟದಲ್ಲಿ ಅನ್ನಕ್ಕೆ ಬರ ಇಲ್ಲ, ಪ್ರೋಟೀನಿಗೆ ಬರ. ಈಗ ನಿಮಗೆ ದಿನಕ್ಕೆ ಹತ್ತಿರಹತ್ತಿರ 10 ಗ್ರಾಂ ಹೆಚ್ಚು ಪ್ರೋಟೀನ್ ಬೇಕು, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ. ಅದು ಬರುವುದು ಕಾಳು, ಬೇಳೆ, ಮೊಟ್ಟೆ, ಹಾಲು, ಮೊಸರು, ಮೀನಿನಿಂದ. ನಿಮ್ಮೂರಿನ ಬೆಣ್ಣೆ ದೋಸೆ ಬಿಡಿ ಅಂತ ನಾನು ಹೇಳುವುದಿಲ್ಲ, ಅಪರೂಪಕ್ಕೊಮ್ಮೆ ತಿನ್ನಿ.

ವಾರಕ್ಕೊಮ್ಮೆ ಬೆಳಿಗ್ಗೆ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ದಿನಾ ನೋಡಿದರೆ ತಲೆ ಕೆಡುತ್ತದೆ. ಆದರೆ ಒಂದೇ ವಾರದಲ್ಲಿ ಒಂದೂವರೆ, ಎರಡು ಕೆಜಿ ಏರಿ, ಮುಖ, ಕೈ ಊದಿ, ತಲೆನೋವು ಅಥವಾ ಕಣ್ಣು ಮಂಜಾಗುವುದು ಶುರುವಾದರೆ ಅದು ಊಟದಿಂದ ಬಂದದ್ದಲ್ಲ. ಬಿಪಿ ಏರಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎತ್ತರ 158 ಸೆಂ.ಮೀ., ತೂಕ ಮೊದಲೇ 78 ಕೆಜಿ. ಏಳನೇ ತಿಂಗಳು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ ಶುಗರ್ 152 ಬಂತು. ಹೆದರಿ ಅನ್ನ ಬಿಟ್ಟೆ, ರಾತ್ರಿ ಬರೀ ಹಣ್ಣು. ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದಂತೆ, ಹೌದಾ? (ತುಮಕೂರು)

ಮುದ್ದೆಯ ವಿಷಯ ಮೊದಲು, ಯಾಕೆಂದರೆ ನಿಮ್ಮ ಕಡೆ ಇದು ನಂಬಿಕೆಯ ಮಾತು. ರಾಗಿ ಒಳ್ಳೆಯದು, 100 ಗ್ರಾಂನಲ್ಲಿ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ನಾರೂ ಇದೆ. ಆದರೆ ಅದರಲ್ಲಿ ಪಿಷ್ಟವೂ ಅನ್ನದಲ್ಲಿರುವಷ್ಟೇ ಧಾರಾಳ. ದೊಡ್ಡ ಮುದ್ದೆ ಎರಡು ನುಂಗಿದರೆ ಶುಗರ್ ಏರದೇ ಇರುತ್ತದಾ? ಸಣ್ಣ ಮುದ್ದೆ ಒಂದು, ಜೊತೆಗೆ ಸೊಪ್ಪುಸಾರು, ಕಾಳು, ಒಂದು ಮೊಟ್ಟೆ. ಅನ್ನವನ್ನೂ ಪೂರ್ತಿ ಬಿಡಬೇಕಿಲ್ಲ. ಮುದ್ದೆ ಇದ್ದ ದಿನ ಅನ್ನ ಬೇಡ, ಅನ್ನ ಇದ್ದ ದಿನ ಮುದ್ದೆ ಬೇಡ.

ಎರಡು ಗಂಟೆಯದು 140 ದಾಟಿದರೆ ಬಸುರಿನ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಸಾಮಾನ್ಯವಾಗಿ ಮೊದಲು ಎರಡು ವಾರ ಊಟ, ನಡಿಗೆಯಲ್ಲೇ ಹಿಡಿತಕ್ಕೆ ತರಲು ನೋಡುತ್ತಾರೆ. ಊಟವಾದ ಎರಡು ಗಂಟೆಗೆ ಶುಗರ್ 120ರೊಳಗೆ ಬರಬೇಕು. ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್. ಇನ್ಸುಲಿನ್ ಅಂದ ಕೂಡಲೇ ಅಳಬೇಡಿ, ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಅದು ನಿಲ್ಲುತ್ತದೆ. ಆದರೆ ಹೆರಿಗೆಯಾಗಿ ಆರು ವಾರದ ಹೊತ್ತಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಮುಂದೆ ಶುಗರ್ ಬರುವ ಸಾಧ್ಯತೆ ನಿಮಗೆ ಬೇರೆಯವರಿಗಿಂತ ಹೆಚ್ಚು.

ರಾತ್ರಿ ಬರೀ ಹಣ್ಣು ತಿನ್ನುವುದನ್ನು ಇವತ್ತೇ ನಿಲ್ಲಿಸಿ. ಎರಡು ಮಾವಿನಹಣ್ಣು, ಒಂದು ಬಟ್ಟಲು ದ್ರಾಕ್ಷಿ ಒಟ್ಟಿಗೆ ಹೊಟ್ಟೆಗೆ ಹೋದರೆ ಶುಗರ್ ಎಲ್ಲಿಗೆ ಹೋಗುತ್ತೆ ಹೇಳಿ. ಜೂಸಂತೂ ಬೇಡವೇ ಬೇಡ. ಮೂರು ಸಣ್ಣ ಊಟ, ನಡುವೆ ಎರಡು ಮೂರು ಸಲ ಮೊಳಕೆಕಾಳು, ಮಜ್ಜಿಗೆ, ಒಂದು ಸೀಬೆಕಾಯಿ, ಹೀಗೆ ಹಂಚಿ. ಬಿಪಿ, ರಕ್ತಸ್ರಾವದ ತೊಂದರೆ ಇಲ್ಲದೆ, ಡಾಕ್ಟರೂ ಒಪ್ಪಿದರೆ ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ನಡೆಯಿರಿ. ನಿಮ್ಮ ಬಿಎಂಐ 31, ಅಂದರೆ ಎತ್ತರಕ್ಕೆ ತೂಕ ಜಾಸ್ತಿ, ಹಾಗಾಗಿ ಒಟ್ಟು 5ರಿಂದ 9 ಕೆಜಿ ಏರಿದರೆ ಸಾಕು. ಬಸುರಿನಲ್ಲಿ ತೂಕ ಇಳಿಸಲು ಡಯಟ್ ಮಾತ್ರ ಮಾಡಬೇಡಿ.

ಪ್ರಶ್ನೆ: ನನ್ನ ತಂಗಿಗೆ ಐದು ತಿಂಗಳು, ಹಿಮೋಗ್ಲೋಬಿನ್ 9.2. ಕದ್ದು ಒಲೆಬೂದಿ ತಿನ್ನುತ್ತಾಳೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಯಿತೆಂದು ಎಸೆದಳು. ಜಾಸ್ತಿ ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ ಅಂತ ಅರ್ಧ ರೊಟ್ಟಿಗೆ ಎದ್ದುಬಿಡುತ್ತಾಳೆ. (ಕೊಪ್ಪಳ)

ಅವಳನ್ನು ಬೈಯಬೇಡಿ. ಬೂದಿ, ಜೇಡಿಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನಿಸುವುದನ್ನು ಮನೆಯಲ್ಲಿ ಬಯಕೆ ಅಂತ ನಗುತ್ತಾರೆ, ಆದರೆ ರಕ್ತ ಕಡಿಮೆ ಇರುವವರಲ್ಲಿ ಇದು ಹೆಚ್ಚು ಕಾಣುತ್ತದೆ. ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 9.2 ಅಂದರೆ ಸಾಕಷ್ಟು ಕಡಿಮೆಯೇ. ರಕ್ತ ಏರಿದ ಹಾಗೆ ಬೂದಿಯ ಆಸೆಯೂ ಎಷ್ಟೋ ಜನರಲ್ಲಿ ತಾನಾಗಿ ಕಮ್ಮಿಯಾಗುತ್ತದೆ. ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆ, ಸೀಸ ಇರಬಹುದು ಅನ್ನೋದನ್ನೂ ಮೆತ್ತಗೆ ಹೇಳಿ.

ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ, ಅದರಿಂದ ಕೆಡುಕಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವ ಮುಂಚೆ ತಗೊಳ್ಳಲಿ. ನಿಂಬೆ ಶರಬತ್ತಿನ ಜೊತೆ ನುಂಗಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ, ಚಹಾ ಕುಡಿದರೆ ಹಿಡಿಯುವುದಿಲ್ಲ. ನಿಮ್ಮ ಕಡೆ ರೊಟ್ಟಿ ಮುಗಿಯುತ್ತಲೇ ಚಹಾ ಬರುತ್ತದಲ್ಲ, ಅದನ್ನು ಒಂದೆರಡು ಗಂಟೆ ಮುಂದೆ ಹಾಕಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು. ಸಾಮಾನ್ಯವಾಗಿ ದಿನಕ್ಕೊಂದು ಕಬ್ಬಿಣದ ಮಾತ್ರೆ, ರಕ್ತ ಇಷ್ಟು ಕಡಿಮೆ ಇದ್ದರೆ ಎರಡು ಬರೆಯುತ್ತಾರೆ. ಎಷ್ಟು ಅನ್ನೋದನ್ನು ಆಸ್ಪತ್ರೆಯಲ್ಲೇ ಕೇಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಉಚಿತ, ತಾಯಿ ಕಾರ್ಡ್ ಹಿಡಿದು ಹೋಗಲಿ.

ಸಣ್ಣ ಮಗು, ಸಲೀಸು ಹೆರಿಗೆ ಅನ್ನೋದು ನಮ್ಮ ಹಳ್ಳಿಗಳನ್ನು ಇನ್ನೂ ಬಿಡದ ಲೆಕ್ಕ. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸು ಬೇಗ ತಣ್ಣಗಾಗುತ್ತದೆ, ಹಾಲು ಚೀಪಲು ಸೋಲುತ್ತದೆ, ಸೋಂಕು ಬೇಗ ತಗಲುತ್ತದೆ. ಹೆರಿಗೆಯ ದಿನ ಉಳಿಸಿದ ಕಷ್ಟವನ್ನು ಆಮೇಲೆ ತಿಂಗಳುಗಟ್ಟಲೆ ಅನುಭವಿಸಬೇಕಾಗುತ್ತದೆ. ಅವಳಿಗೆ ದುಬಾರಿ ಪುಡಿ ಡಬ್ಬ ತರಬೇಡಿ. ಎರಡು ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಚೆನ್ನಾಗಿ ತೊಳೆದ ಮೆಂತ್ಯಸೊಪ್ಪು ಇದ್ದರೆ ಅದೇ ಒಳ್ಳೆಯ ಊಟ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್‌ನಿಂದ ಇದೆ, ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಕೊಡುತ್ತಾರೆ. ನಾಚಿಕೆ ಬಿಟ್ಟು ಹೋಗಲಿ.

ಪ್ರಶ್ನೆ: ಇಲ್ಲಿ ಡಾಕ್ಟರು 25ರಿಂದ 35 ಪೌಂಡ್ ಏರಬಹುದು ಅಂದರು. ಹುಬ್ಬಳ್ಳಿಯಿಂದ ಅಮ್ಮ 10 ಕೆಜಿ ಸಾಕು ಅಂತಾರೆ. ನಾನು ಸಸ್ಯಾಹಾರಿ. (ನ್ಯೂಜೆರ್ಸಿ)

ಡಾಕ್ಟರು ಹೇಳಿದ್ದು 11.5ರಿಂದ 16 ಕೆಜಿ. ಅದು ಅಮೆರಿಕದವರು 2009ರಲ್ಲಿ ಮಾಡಿದ ಲೆಕ್ಕ, ಎತ್ತರಕ್ಕೆ ತಕ್ಕ ತೂಕ ಇದ್ದವರಿಗೆ. ನಮ್ಮಲ್ಲಿ ಸಾಮಾನ್ಯವಾಗಿ 10ರಿಂದ 12 ಕೆಜಿ ಅಂತ ಹೇಳುತ್ತಾರೆ. ಅಮ್ಮನದೂ ತಪ್ಪಲ್ಲ. ನಮ್ಮವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವ ಸ್ವಭಾವ ಇರುವುದರಿಂದ, ನೀವು ತೀರಾ ತೆಳ್ಳಗಿಲ್ಲದಿದ್ದರೆ 11, 12ರ ಆಸುಪಾಸು ನನಗೆ ಇಷ್ಟ. ಇದನ್ನು ನಿಮ್ಮ ಡಾಕ್ಟರ ಹತ್ತಿರವೂ ಮಾತಾಡಿ. ತೂಕಕ್ಕಿಂತ ನಿಮಗೆ ಮುಖ್ಯ ಬಿ12 ವಿಟಮಿನ್. ಅದು ಸೊಪ್ಪು, ಕಾಳಿನಲ್ಲಿ ಇರುವುದಿಲ್ಲ. ಹಾಲು, ಮೊಸರಿನಿಂದ ಬರುವುದು ಕೆಲವರಿಗೆ ಸಾಲುವುದಿಲ್ಲ. ರಕ್ತಪರೀಕ್ಷೆಗೆ ಕೇಳಿ.

ಪ್ರಶ್ನೆ: ಮೂರನೇ ತಿಂಗಳು. ವಾಂತಿಯಿಂದ ಎರಡು ಕೆಜಿ ಇಳಿದೆ. ಮಗುವಿಗೆ ತೊಂದರೆನಾ? (ಕುಂದಾಪುರ)

ಇಷ್ಟಕ್ಕೆ ಹೆದರಬೇಡಿ. ಈಗ ಮಗು ನಿಮ್ಮ ಹೆಬ್ಬೆರಳಿಗಿಂತ ತುಸು ದೊಡ್ಡದು ಅಷ್ಟೇ, ಅದಕ್ಕೆ ಬೇಕಾದ್ದು ಸಿಗುತ್ತದೆ. ಏಳುವ ಮುಂಚೆ ಎರಡು ಒಣ ರಸ್ಕ್, ಆಮೇಲೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಗಂಜಿ, ಉಪ್ಪಿನಕಾಯಿ, ಇಡ್ಲಿ, ಒಗ್ಗಿದ್ದು ತಿನ್ನಿ. ಸಮತೋಲನ ಊಟದ ಚಿಂತೆ ಈಗ ಬೇಡ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿ ಬಂದರೆ ಡ್ರಿಪ್ ಬೇಕಾಗಬಹುದು, ಕಾಯಬೇಡಿ.

ಪ್ರಶ್ನೆ: ಪಪ್ಪಾಯ ತಿನ್ನಬಾರದಾ? ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತಾ? (ಮಂಡ್ಯ)

ಪೂರ್ತಿ ಮಾಗಿದ ಪಪ್ಪಾಯ ನಾಲ್ಕು ಹೋಳು ತಿಂದರೆ ಏನೂ ಆಗಲ್ಲ. ಹಾಲು ಸೋರುವ ಕಾಯಿ ಮಾತ್ರ ಬೇಡ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುವುದು, ಕೇಸರಿಗೆ ಅದು ಗೊತ್ತೂ ಇಲ್ಲ. ಲೋಟದಲ್ಲಿ ಉಪಯೋಗಕ್ಕೆ ಬರುವುದು ಹಾಲು. ಕೇಸರಿಯ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತದೆ ಅಂತ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ.