ಓದುಗರ ಪ್ರಶ್ನೆ: ವರ್ಷದ ಬಣ್ಣ, ನಮ್ಮ ಬೆಳಕು

ಕಳೆದ ವರ್ಷ ಎಲ್ಲಿ ನೋಡಿದರೂ ಕಾಫಿ ಬಣ್ಣ, 2026ಕ್ಕೆ ಬಿಳಿಯಂತೆ. ಇದನ್ನೆಲ್ಲ ಯಾರು ನಿರ್ಧರಿಸುತ್ತಾರೆ? ಮಗಳ ಮದುವೆಗೆ ಜವಳಿ ತೆಗೆಯುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?
– ಓದುಗರು, ಹುಬ್ಬಳ್ಳಿ

ಎರಡೂ ‘ವರ್ಷದ ಬಣ್ಣ’ ಎಂದು ಪ್ಯಾಂಟೋನ್ ಕಂಪನಿ ಸಾರಿದವು. ಬಣ್ಣಗಳಿಗೆ ನಂಬರ್ ಕೊಟ್ಟು ಮಾದರಿ ಕಾರ್ಡುಗಳನ್ನು ಮಾರುವ ಅಮೆರಿಕದ ಕಂಪನಿ ಅದು. 2025ಕ್ಕೆ ಮೋಕಾ ಮೂಸ್, 2026ಕ್ಕೆ ಕ್ಲೌಡ್ ಡ್ಯಾನ್ಸರ್. 2000ನೇ ವರ್ಷಕ್ಕೆ ಸೆರೂಲಿಯನ್ ಎಂಬ ಆಕಾಶನೀಲಿಯಿಂದ ಶುರುವಾದ ಈ ಪದ್ಧತಿಯಲ್ಲಿ ಬಿಳಿಗೆ ಸರದಿ ಬಂದದ್ದು ಇದೇ ಮೊದಲು. ಆದರೆ ಇದು ಬಹುಮಟ್ಟಿಗೆ ಪ್ರಚಾರದ ಮಾತು. ಜವಳಿ ಉದ್ಯಮದ ಬಣ್ಣಗಳ ಚರ್ಚೆ ಇದಕ್ಕಿಂತ ಬಹಳ ಮೊದಲೇ ನಡೆದಿರುತ್ತದೆ. 1963ರಿಂದ ಇರುವ ಇಂಟರ್‌ಕಲರ್ ಕೂಟದಲ್ಲಿ ಬೇರೆ ಬೇರೆ ದೇಶದವರು ತಂತಮ್ಮ ಬಣ್ಣದ ತುಣುಕುಗಳನ್ನು ಮೇಜಿನ ಮೇಲೆ ಹರಡಿ, ಸುಮಾರು ಎರಡು ವರ್ಷ ಮುಂಚಿತವಾಗಿ ಮಾತಾಡಿಕೊಳ್ಳುತ್ತಾರೆ. ನೂಲಿಗೆ ಬಣ್ಣ ಕಟ್ಟಿ, ನೇಯ್ದು, ಹೊಲಿದು, ಅಂಗಡಿ ಮುಟ್ಟಿಸಲು ಅಷ್ಟು ಸಮಯ ಬೇಕೇ ಬೇಕು.

ಅವರ ಲೆಕ್ಕ ವಸಂತ–ಬೇಸಿಗೆ, ಶರತ್ಕಾಲ–ಚಳಿಗಾಲದ್ದು. ನಮ್ಮ ವ್ಯಾಪಾರ ಆಷಾಢದ ರಿಯಾಯಿತಿ, ಶ್ರಾವಣ, ದೀಪಾವಳಿ, ಮದುವೆ ಮುಹೂರ್ತಗಳದ್ದು. ಹಾಗಾಗಿ ಧಾರೆ ಸೀರೆಗೆ ಈ ಪಟ್ಟಿಯನ್ನು ನೋಡಲೇಬೇಡಿ. ಬಿಳಿ ಬೇಕೇ ಬೇಕೆಂದರೆ ಆರತಕ್ಷತೆಗೆ ಕೆನೆ ಬಣ್ಣದ ರೇಷ್ಮೆ ಇರಲಿ. ನೀಲಿ ಛಾಯೆಯ ಅಚ್ಚ ಬಿಳಿಯ ಪಕ್ಕ ಚಿನ್ನದ ಜರಿ ಹಿತ್ತಾಳೆಯಂತೆ ಕಾಣುತ್ತದೆ. ಬಿಳಿಯಲ್ಲಿ ಇನ್ನೊಂದು ತೊಡಕಿದೆ. ಪಂಚೆ, ಸೀರೆ, ರವಿಕೆ ಮೂರನ್ನೂ ಬೇರೆ ಬೇರೆ ಕಡೆ ಕೊಂಡರೆ ಮೂರೂ ಬೇರೆ ಬಿಳಿ. ಹೊಳಪಿನ ರಾಸಾಯನಿಕ ಹಾಕಿದ ಬಟ್ಟೆ ಬಿಸಿಲಲ್ಲಿ ನೀಲಿ ಬೀರಿ, ಪಕ್ಕದ ರೇಷ್ಮೆಯನ್ನು ಹಳಸಲು ಮಾಡಿಬಿಡುತ್ತದೆ. ಮೂರನ್ನೂ ಒಟ್ಟಿಗೆ ಹಿಡಿದು ಅಂಗಡಿಯ ಹೊರಗೆ ಬಂದು ನೋಡಿ.

ಚಿಕ್ಕ ಬೊಟಿಕ್ ನಡೆಸುತ್ತೇನೆ. ಮೋಕಾ ಮೂಸ್‌ನ ಪ್ಯಾಂಟೋನ್ ನಂಬರ್ 17-1230 ಕೊಟ್ಟೇ ಬಟ್ಟೆಗೆ ಬಣ್ಣ ಹಾಕಿಸಿದೆ. ಬಂದದ್ದು ಕೆಂಪು ಕಂದು. ಡೈಯಿಂಗ್‌ನವರು ನಂಬರ್ ಸರಿ ಇದೆ ಎನ್ನುತ್ತಾರೆ.
– ಓದುಗರು, ದಾವಣಗೆರೆ

ಇಬ್ಬರೂ ಸರಿ ಇರಬಹುದು. ಈ ನಂಬರಿನ ಮೊದಲ ಎರಡಂಕಿ ತಿಳಿ–ಗಾಢವನ್ನು ಹೇಳುತ್ತವೆ: 11 ಬಿಳಿಯ ಹತ್ತಿರ, 19 ಕಪ್ಪಿನ ಹತ್ತಿರ. ನಡುವಿನ ಎರಡು ಬಣ್ಣದ ಜಾತಿ, ಕೊನೆಯ ಎರಡು ಅದರ ತೀವ್ರತೆ. ನಂಬರಿನ ಕೊನೆಗೆ ಟಿಸಿಎಕ್ಸ್ ಎಂದಿದ್ದರೆ ಅದು ಹತ್ತಿ ಬಟ್ಟೆಯ ತುಣುಕು. ಬರೀ ಸಿ ಎಂದು ಮುಗಿಯುವ ನಂಬರುಗಳು ನುಣುಪು ಕಾಗದದ ಮೇಲಿನ ಮುದ್ರಣ ಶಾಯಿಯವು, ಬಟ್ಟೆಗೆ ಅವನ್ನು ಕೊಡಬಾರದು. ಮೊಬೈಲ್‌ನಲ್ಲಿ ಚಿತ್ರ ಕಳಿಸಿ ‘ಇದೇ ಬಣ್ಣ’ ಅಂದರಂತೂ ಮುಗಿಯಿತು. ನಿಮ್ಮ ಪರದೆ ಬೇರೆ, ಅವರದು ಬೇರೆ.

ಮುಂದಿನ ಸಲ ಪೂರ್ತಿ ಥಾನಿಗೆ ಬಣ್ಣ ಹಾಕುವ ಮೊದಲು ಲ್ಯಾಬ್ ಡಿಪ್ ಕೇಳಿ. ನೀವು ಕೊಡುವ ಬಟ್ಟೆಯದೇ ತುಣುಕಿನ ಮೇಲೆ ಮೂರು ಮಾದರಿ ಮಾಡಿ, ಎ, ಬಿ, ಸಿ ಎಂದು ಗುರುತು ಹಾಕಿ ಕೊಡುತ್ತಾರೆ. ಅವನ್ನು ಹಗಲಿನಲ್ಲಿ ಉತ್ತರದ ಕಿಟಕಿಯ ಬಳಿ, ನಿಮ್ಮ ಅಂಗಡಿಯ ಎಲ್‌ಇಡಿ ಅಡಿಯಲ್ಲಿ, ಹಳದಿ ಬಲ್ಬಿನಡಿಯಲ್ಲಿ – ಮೂರು ಕಡೆ ನೋಡಿ. ಬೇರೆ ಬೇರೆ ಡೈಗಳ ಮಿಶ್ರಣದಿಂದ ಒಂದೇ ಛಾಯೆ ತಂದಾಗ ಅದು ಹಗಲಲ್ಲಿ ಹೊಂದಿ, ದೀಪದಡಿ ಬಿಟ್ಟುಕೊಡುತ್ತದೆ. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಕಂದು, ಬೂದು, ಆಲಿವ್‌ನಲ್ಲಿ ಇದರ ಕಾಟ ಜಾಸ್ತಿ. ನಿಮ್ಮ ಕೆಂಪಿಗೂ ಇದೇ ಕಾರಣವಿರಬಹುದು. ಒಪ್ಪಿದ ತುಣುಕನ್ನು ಎರಡಾಗಿ ಕತ್ತರಿಸಿ, ಸಹಿ ಮಾಡಿ, ಅರ್ಧ ನೀವಿಟ್ಟುಕೊಳ್ಳಿ.

ಮಾಸಿದ ಬಿಳಿ ಹತ್ತಿ ಕುರ್ತಾಕ್ಕೆ ಮನೆಯಲ್ಲೇ ಮೋಕಾ ಬಣ್ಣ ಹಾಕಬಹುದೇ? ಒಮ್ಮೆ ಪ್ರಯತ್ನಿಸಿದಾಗ ಮಚ್ಚೆ ಮಚ್ಚೆಯಾಯಿತು.
– ಓದುಗರು, ಮೈಸೂರು

ಆಗುತ್ತದೆ. ಹತ್ತಿಗೆ ತಣ್ಣೀರಿನಲ್ಲಿ ಹಿಡಿಯುವ ರಿಯಾಕ್ಟಿವ್ ಡೈ ತನ್ನಿ. ಪಾಲಿಯೆಸ್ಟರ್ ಬೆರಕೆ ಇದ್ದರೆ ಈ ಗೊಡವೆಗೇ ಹೋಗಬೇಡಿ, ಅದು ಈ ಡೈಯನ್ನು ಹಿಡಿಯುವುದಿಲ್ಲ. ಅದೇ ಕಾರಣಕ್ಕೆ ಹೊಲಿಗೆಯ ದಾರವೂ ಬಿಳಿಯಾಗಿಯೇ ಉಳಿಯಬಹುದು.

ಒಣ ಕುರ್ತಾ 250 ಗ್ರಾಂ ಇದೆ ಎಂದುಕೊಳ್ಳಿ. ನೀರು 5 ಲೀಟರ್, ಡೈ ಸುಮಾರು 2.5 ಗ್ರಾಂ, ಪುಡಿ ಉಪ್ಪು 250 ಗ್ರಾಂ, ವಾಷಿಂಗ್ ಸೋಡಾ 100 ಗ್ರಾಂ. ಅಡುಗೆ ಸೋಡಾ ಅಲ್ಲ, ಅದರ ಕ್ಷಾರ ಸಾಲದು. ಉಪ್ಪು ಇಷ್ಟೊಂದೇ ಎಂದು ಕೈ ಹಿಡಿಯಬೇಡಿ, ಡೈಯನ್ನು ನೀರಿನಿಂದ ಎಳೆಯತ್ತ ತಳ್ಳುವುದು ಅದೇ. ಪಾತ್ರೆ ಸ್ಟೀಲ್ ಅಥವಾ ಪ್ಲಾಸ್ಟಿಕ್ ಇರಲಿ. ಅಲ್ಯೂಮಿನಿಯಂ ಅನ್ನು ಸೋಡಾ ತಿನ್ನುತ್ತದೆ. ಡೈ ಪುಡಿ ಉಸಿರಿಗೆ ಹೋಗಬಾರದು, ಮಾಸ್ಕ್, ಕೈಗವಸು ಹಾಕಿಕೊಳ್ಳಿ.

ಮೊದಲು ಬಿಸಿನೀರು, ಡಿಟರ್ಜೆಂಟಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು ಗಂಜಿ, ಎಣ್ಣೆ, ಮೃದುಕಾರಕ ಎಲ್ಲ ತೆಗೆಯಿರಿ. ಮಚ್ಚೆಗೆ ಮೊದಲ ಕಾರಣ ಇಲ್ಲೇ ಇರುತ್ತದೆ. ಡೈಯನ್ನು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಗಂಟಿಲ್ಲದಂತೆ ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಹಾಕಿ. ಕುರ್ತಾವನ್ನು ಒದ್ದೆ ಮಾಡಿಯೇ ಇಳಿಸಿ, ಹತ್ತು ನಿಮಿಷ ತಿರುವುತ್ತಿರಿ. ಬಳಿಕ ಉಪ್ಪನ್ನು ಎರಡು ಕಂತಿನಲ್ಲಿ, ಹತ್ತು ನಿಮಿಷದ ಅಂತರದಲ್ಲಿ ಹಾಕಿ. ಅರ್ಧ ಗಂಟೆಯಾದ ಮೇಲೆ ಬಟ್ಟೆಯನ್ನು ಪೂರ್ತಿ ಮೇಲೆತ್ತಿ, ಬೇರೆ ಕರಗಿಸಿಟ್ಟ ಸೋಡಾ ಬೆರೆಸಿ, ಮತ್ತೆ ಇಳಿಸಿ. ಬಟ್ಟೆಯ ಮೇಲೇ ಸುರಿದರೆ ಸುರಿದಲ್ಲೇ ಬಣ್ಣ ಕಚ್ಚಿಕೊಳ್ಳುತ್ತದೆ. ಮಚ್ಚೆಗೆ ಎರಡನೇ ಕಾರಣ ಅದು. ಮೊದಲ ಕಾಲು ಗಂಟೆ ಕೈ ಬಿಡದೆ ತಿರುವಿ, ಒಟ್ಟು ಒಂದು ಗಂಟೆ ಬಿಡಿ. ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಕುದಿಯುವಷ್ಟು ಬಿಸಿ ಸಾಬೂನು ನೀರಿನಲ್ಲಿ ಹತ್ತು ನಿಮಿಷ. ನೀರು ತಿಳಿಯಾಗುವವರೆಗೂ ಇದನ್ನು ಬಿಡಬೇಡಿ, ಇಲ್ಲದಿದ್ದರೆ ಮುಂದಿನ ಒಗೆತದಲ್ಲಿ ಇಡೀ ಬಕೆಟ್ ಕಾಫಿ ಬಣ್ಣ.

ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಣ್ಣ ಮಂಕಾಗುತ್ತದೆ, ಮಳೆನೀರು ಸಿಕ್ಕರೆ ಒಳ್ಳೆಯದು. ಒದ್ದೆಯಲ್ಲಿ ಗಾಢ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ, ನೋಡಿ ಗಾಬರಿಯಾಗಿ ಮಧ್ಯೆ ತೆಗೆಯಬೇಡಿ. ಒಳ ಮಡಿಕೆಯಿಂದ ಎರಡು ಬೆರಳಗಲದ ತುಣುಕು ಕತ್ತರಿಸಿ ಮೊದಲು ಅದರಲ್ಲೇ ನೋಡಿದರೆ ಕುರ್ತಾ ಉಳಿಯುತ್ತದೆ. ಸೋಡಾ ಬಿದ್ದ ನೀರನ್ನು ನಾಳೆಗೆಂದು ಎತ್ತಿಡಬೇಡಿ, ಅದರ ಶಕ್ತಿ ಅಂದೇ ಮುಗಿದಿರುತ್ತದೆ.

ನವರಾತ್ರಿಯ ಒಂಬತ್ತು ಬಣ್ಣ ಪ್ರತಿ ವರ್ಷ ಬದಲಾಗುವುದೇಕೆ?
– ಓದುಗರು, ಬೆಳಗಾವಿ

ಅದು ವಾರದ ಲೆಕ್ಕ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಕಡುನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು, ಶನಿವಾರ ಬೂದು, ಭಾನುವಾರ ಕಿತ್ತಳೆ. ಉಳಿದೆರಡು ದಿನಕ್ಕೆ ಗುಲಾಬಿ, ನವಿಲು ಹಸಿರಿನಂಥವು. ಹಬ್ಬ ಯಾವ ವಾರ ಶುರುವಾಗುತ್ತದೋ ಪಟ್ಟಿ ಅಲ್ಲಿಂದ. ಬೀರುವಿನಲ್ಲಿರುವುದರಲ್ಲೇ ಹೊಂದಿಸಿ, ಬೂದು ಇಲ್ಲದಿದ್ದರೆ ಬೂದು ಅಂಚಿನ ಸೀರೆ ಸಾಕು.

ಮನೆಯ ಹಾಲ್‌ನ ಗೋಡೆಗೆ ಮೋಕಾ ಬಳಿಸಿದೆವು. ಅಂಗಡಿಯ ಕಾರ್ಡಿನಲ್ಲಿ ಚೆಂದವಿತ್ತು, ಮನೆಯಲ್ಲಿ ಇಟ್ಟಿಗೆಯಂತಾಗಿದೆ.
– ಓದುಗರು, ಉಡುಪಿ

ನೆಲ ಕೆಂಪು ಗಾರೆಯದೇ? ಬಿಸಿಲು ಅದಕ್ಕೆ ಬಿದ್ದು ಗೋಡೆಗೆ ಕೆಂಪು ಎರಚುತ್ತದೆ. ಜೊತೆಗೆ ಹಳದಿ ಬಲ್ಬ್ ಇದ್ದರೆ ಇನ್ನೂ ಹೆಚ್ಚು. ಮೊದಲು ಬಲ್ಬನ್ನು 4000 ಕೆಲ್ವಿನ್‌ನದಕ್ಕೆ, ಅಂದರೆ ಹಳದಿಯೂ ನೀಲಿಯೂ ಅಲ್ಲದ ಬಿಳಿ ಬೆಳಕಿನದಕ್ಕೆ, ಬದಲಿಸಿ ನೋಡಿ, ಅದು ಅಗ್ಗದ ಚಿಕಿತ್ಸೆ. ಆಮೇಲೂ ಬೇಡವಾದರೆ ಬೂದು ಬೆರೆತ, ಒಂದೆರಡು ಮೆಟ್ಟಿಲು ತಿಳಿಯಾದ ಛಾಯೆಯನ್ನು ಎರಡಡಿ ಚೌಕದ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಬಳಿದು, ಸುತ್ತ ಬಿಳಿ ಅಂಚು ಬಿಟ್ಟು, ಗೋಡೆಯಿಂದ ಗೋಡೆಗೆ ಅಂಟಿಸುತ್ತ ಬೆಳಿಗ್ಗೆ, ನಾಲ್ಕು ಗಂಟೆಗೆ, ರಾತ್ರಿ ನೋಡಿ. ಕಿಟಕಿ ಇರುವ ಗೋಡೆಗೆ ಮಾತ್ರ ಗಾಢ ಬಣ್ಣ ಬೇಡ. ಹೊರಗಿನ ಬೆಳಕು ಕಣ್ಣಿಗೆ ಹೊಡೆದು ಅದು ಕಪ್ಪಾಗಿಯೇ ಕಾಣುತ್ತದೆ.